ಹಾಡಿದ್ದು ಯಾರು, ಕೇಳಿದ್ದು ಯಾರು?

ಮಲೆನಾಡಿನಲ್ಲಿ ನೆಂಟರ ಮನೆಯ ಹಿಂದೆ ಒಂದು ಹಲಸಿನ ಮರ ಇದೆ. ಬೆಳಿಗ್ಗೆ ಆರೂವರೆ ಇರಬೇಕು, ಎಲೆಗಳಿಂದ ಇನ್ನೂ ಇಬ್ಬನಿ ತೊಟ್ಟಿಕ್ಕುತ್ತಿತ್ತು. ದನಿ ಕೇಳಿಸಿದರೆ ಹಕ್ಕಿಯ ಹೆಸರು ಹೇಳುವ ಆ್ಯಪ್‌ಗಳು ಬಂದಿವೆಯಲ್ಲ, ಅಂಥದ್ದೊಂದನ್ನು ಆನ್ ಮಾಡಿ ಫೋನನ್ನು ಮರದ ಕಡೆ ಹಿಡಿದೆ. ಒಂದೊಂದೇ ಹೆಸರು ಬರತೊಡಗಿತು. ಮೊದಲು ಮರಕುಟಿಗ. ಆಮೇಲೆ ಬಿಜ್ಜು, ಅಂದರೆ ಸಣ್ಣ ಗಿಡುಗ. ಆಮೇಲೆ ಪಿಕಳಾರ, ಎಲೆಹಕ್ಕಿ, ಕೊನೆಗೆ ಹರಟೆಮಲ್ಲ. ಮೂರು ನಿಮಿಷದಲ್ಲಿ ಐದು ಜಾತಿ! ಖುಷಿಯಿಂದ ತಲೆಯೆತ್ತಿ ನೋಡಿದರೆ ಸದ್ದು ಬರುತ್ತಿದ್ದ ಕೊಂಬೆಯ ಮೇಲೆ ಕೂತಿದ್ದದ್ದು ಒಂದೇ ಹಕ್ಕಿ. ಮೈಯೆಲ್ಲ ಮಿರುಗುವ ಕಪ್ಪು, ತಲೆಯ ಮೇಲೆ ಜುಟ್ಟು, ಬಾಲದಿಂದ ಎರಡು ತಂತಿ ಇಳಿಬಿಟ್ಟು ಅವುಗಳ ತುದಿಗೆ ಎಲೆ ಸಿಕ್ಕಿಸಿದ ಹಾಗೆ ಗರಿ. ಭೀಮರಾಜ. ಕಾಜಾಣಗಳಲ್ಲೇ ದೊಡ್ಡದು, ಅನುಕರಣೆಯಲ್ಲಿ ಎತ್ತಿದ ಕೈ.

ಆ್ಯಪನ್ನು ಬೈಯೋಕೆ ಹೊರಟವನು ಸುಮ್ಮನಾದೆ. ಯೋಚಿಸಿದರೆ ಅದರದ್ದೇನೂ ತಪ್ಪಿಲ್ಲ. ‘ಇದು ಯಾವ ಹಕ್ಕಿಯ ದನಿಯನ್ನು ಹೋಲುತ್ತದೆ’ ಅನ್ನುವುದಕ್ಕೆ ಅದು ಸರಿಯಾಗಿಯೇ ಉತ್ತರ ಕೊಟ್ಟಿತ್ತು. ಹಾಡಿದ್ದು ಯಾರು, ಯಾರಿಗೋಸ್ಕರ, ಕೇಳಿದವರು ಏನು ಮಾಡಿದರು ಅನ್ನುವುದು ಬೇರೆಯೇ ಪ್ರಶ್ನೆ. ಹಕ್ಕಿಗಳ ಮಾತನ್ನು ಯಂತ್ರ ಇಟ್ಟುಕೊಂಡು ಅರ್ಥ ಮಾಡಿಕೊಳ್ಳಲು ಹೊರಟವರು ಮೊದಲ ಪ್ರಶ್ನೆಯಲ್ಲಿ ತುಂಬಾ ದೂರ ಬಂದಿದ್ದಾರೆ. ಎರಡನೆಯದರಲ್ಲಿ ಇನ್ನೂ ಒಂದೊಂದೇ ಹೆಜ್ಜೆ ಇಡುತ್ತಿದ್ದಾರೆ. ಎರಡೂ ಹೇಗೆ ನಡೆಯುತ್ತದೆ ಅಂತ ನೋಡೋಣ.

ದನಿಗೆ ಒಂದು ಚಿತ್ರ

ನಮ್ಮ ಧ್ವನಿಪೆಟ್ಟಿಗೆ ಗಂಟಲಿನಲ್ಲಿ, ಶ್ವಾಸನಾಳದ ಮೇಲ್ತುದಿಯಲ್ಲಿದೆ. ಹಕ್ಕಿಯದ್ದು ಕೆಳಗೆ, ಎದೆಯೊಳಗೆ, ಶ್ವಾಸನಾಳ ಎರಡು ಕವಲಾಗಿ ಶ್ವಾಸಕೋಶಗಳ ಕಡೆ ಹೋಗುವ ಜಾಗದಲ್ಲಿ. ಅದರ ಹೆಸರು ಸಿರಿಂಕ್ಸ್. ಹಾಡುಹಕ್ಕಿಗಳಲ್ಲಿ ಎರಡೂ ಕವಲಿನಲ್ಲಿ ದನಿ ಹುಟ್ಟುತ್ತದೆ, ಎರಡನ್ನೂ ಬೇರೆ ಬೇರೆಯಾಗಿ ನಿಯಂತ್ರಿಸಬಹುದು. ಒಬ್ಬನೇ ಎರಡು ಕೊಳಲನ್ನು ಒಟ್ಟಿಗೆ ಊದಿದ ಹಾಗೆ. ಉತ್ತರ ಅಮೆರಿಕದ ಕಾರ್ಡಿನಲ್ ಅನ್ನುವ ಕೆಂಪು ಹಕ್ಕಿ ಕೆಳಗಿನ ಸ್ಥಾಯಿಯಿಂದ ಮೇಲಕ್ಕೆ ಒಂದೇ ಜಾರಿನಲ್ಲಿ ಹೋಗುತ್ತದೆ. ನಮಗೆ ಅದು ಒಂದೇ ದನಿ. ನಿಜದಲ್ಲಿ ಕೆಳಗಿನ ಭಾಗವನ್ನು ಎಡ ಕವಲು ಹಾಡಿ, ಮೇಲಿನದ್ದನ್ನು ಬಲ ಕವಲಿಗೆ ದಾಟಿಸುತ್ತದೆ. ಹೊಲಿಗೆ ಎಲ್ಲಿದೆ ಅಂತ ಕಿವಿಗೆ ಗೊತ್ತೇ ಆಗುವುದಿಲ್ಲ.

ಇಷ್ಟು ಚುರುಕಾದ ಸದ್ದನ್ನು ಬರಿಗಿವಿಯಿಂದ ಕೇಳಿ ಬರೆದಿಡೋದು ಹೇಗೆ? ಹಿಂದಿನವರು ಸ್ವರ ಹಾಕಿ ನೋಡಿದರು. ಅಕ್ಷರಕ್ಕಿಳಿಸಿ ‘ಕುಹೂ’, ‘ಕುಟ್ರೂ’ ಅಂದರು. ಗುರುತು ಹಿಡಿಯೋಕೆ ಅದು ಸಾಕು, ಅಳೆಯೋಕೆ ಸಾಲದು. 1889ರಲ್ಲಿ ಜರ್ಮನಿಯ ಲುಡ್ವಿಗ್ ಕೋಖ್ ಅನ್ನುವ ಎಂಟು ವರ್ಷದ ಹುಡುಗ ಎಡಿಸನ್ನರ ಮೇಣದ ಸಿಲಿಂಡರ್ ಯಂತ್ರದಲ್ಲಿ ಒಂದು ಹಕ್ಕಿಯ ಹಾಡನ್ನು ಹಿಡಿದಿಟ್ಟ. ನಮಗೆ ಗೊತ್ತಿರುವ ಮಟ್ಟಿಗೆ ಹಕ್ಕಿಯ ಹಾಡಿನ ಅತಿ ಹಳೆಯ ಧ್ವನಿಮುದ್ರಣ ಅದೇ. ಹಾಡಿದ್ದು ಪಂಜರದಲ್ಲಿದ್ದ ಶಾಮಾ. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಹಾಡುವ ಹಕ್ಕಿ ಅದು, ಹಿತ್ತಲಿನ ಮಡಿವಾಳ ಹಕ್ಕಿಯ ದಾಯಾದಿ. ಮೊದಲ ಮುದ್ರಣದ ಮಾನ ಯುರೋಪಿನ ಹಕ್ಕಿಗಲ್ಲ, ನಮ್ಮ ಕಡೆಯ ಹಕ್ಕಿಗೆ ಸಿಕ್ಕಿತು ಅನ್ನುವುದು ನನಗೆ ಯಾಕೋ ಇಷ್ಟ.

ಮುದ್ರಣವೇನೋ ಆಯಿತು. ಆದರೆ ಮುದ್ರಿಸಿದ್ದನ್ನು ಮತ್ತೆ ಕೇಳಬೇಕಾದ್ದು ಅದೇ ಕಿವಿಯಿಂದ ತಾನೆ? ದಾರಿ ತೆರೆದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮನುಷ್ಯರ ಮಾತನ್ನು ಚಿತ್ರವಾಗಿ ಬಿಡಿಸುವ ಯಂತ್ರವೊಂದನ್ನು ಮಾಡಿದ್ದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅದರ ವಿವರ ಹೊರಬಂತು. ಅದು ಬರೆಯುತ್ತಿದ್ದ ಚಿತ್ರವೇ ಸ್ಪೆಕ್ಟ್ರೋಗ್ರಾಮ್. ಈಗ ಅದಕ್ಕೆ ಯಂತ್ರ ಬೇಕಿಲ್ಲ, ಫೋನೇ ಬಿಡಿಸುತ್ತದೆ.

ಅದನ್ನು ಓದೋದು ಕಷ್ಟವಲ್ಲ. ಎಡದಿಂದ ಬಲಕ್ಕೆ ಕಾಲ. ಕೆಳಗಿನಿಂದ ಮೇಲಕ್ಕೆ ಸ್ಥಾಯಿ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಹರ್ಟ್ಸ್ ಲೆಕ್ಕ. ಗಾಢವಾಗಿ ಕಂಡಷ್ಟೂ ಸದ್ದು ಜೋರು. ಕೋಗಿಲೆಯ ಕೂಗನ್ನು ಹಾಕಿ ನೋಡಿ. ಪ್ರತಿ ‘ಕುಹೂ’ ಕೆಳಗಿನಿಂದ ಮೇಲಕ್ಕೆ ಬಾಗಿದ ಒಂದು ಕೊಂಡಿ. ಮುಂದಿನ ಕೊಂಡಿ ಮೊದಲಿನದ್ದಕ್ಕಿಂತ ಸ್ವಲ್ಪ ಮೇಲೆ, ಅದರ ಮುಂದಿನದ್ದು ಇನ್ನೂ ಮೇಲೆ. ಮೆಟ್ಟಿಲು ಹತ್ತುತ್ತಾ ಹತ್ತುತ್ತಾ ಥಟ್ಟನೆ ನಿಂತುಬಿಡುತ್ತದೆ. ಕಂಚುಗಾರ ಹಕ್ಕಿಯ ‘ಟಕ್ ಟಕ್ ಟಕ್’ ಚಿತ್ರದ ಕೆಳಭಾಗದಲ್ಲಿ ಅಳತೆಪಟ್ಟಿ ಇಟ್ಟು ಹಾಕಿದಂಥ ಗೀಟುಗಳ ಸಾಲು. ಮಡಿವಾಳ ಹಕ್ಕಿಯದ್ದು ಸುರುಳಿ, ಕೊಕ್ಕೆ, ಜಾರುಗೆರೆ, ಎಲ್ಲ ಇರುವ ರಂಗೋಲಿ. ಜೀರುಂಡೆ ಶುರುವಾದರೆ ಚಿತ್ರದ ಮಧ್ಯೆ ಗೋಡೆಗೆ ಪಟ್ಟಿ ಬಳಿದ ಹಾಗೆ ಒಂದು ಅಗಲದ ಕಪ್ಪು ಪಟ್ಟೆ. ಆ ಎತ್ತರದಲ್ಲಿ ಯಾವ ಹಕ್ಕಿ ಹಾಡಿದರೂ ಮುಳುಗಿ ಹೋಗುತ್ತದೆ. ಸಂಗೀತ ಕೇಳುವವರಿಗೆ ಸುಲಭವಾಗಿ ಹೇಳಬೇಕೆಂದರೆ, ಗಾಯಕರು ಗಮಕ ತೆಗೆಯುವಾಗ ಕೈಯನ್ನು ಗಾಳಿಯಲ್ಲಿ ಆಡಿಸುತ್ತಾರಲ್ಲ, ಆ ಗೆರೆಯನ್ನೇ ಕಾಗದಕ್ಕೆ ಇಳಿಸಿದ ಹಾಗೆ.

(ನಡುವೆ ಒಂದು ಮಾತು. ಚೆನ್ನಾಗಿ ಹಾಡುವ ಹೆಣ್ಣುಮಕ್ಕಳನ್ನು ನಾವು ಕೋಗಿಲೆ ಅನ್ನುತ್ತೇವೆ. ‘ಕುಹೂ’ ಅನ್ನುವುದು ಗಂಡು. ಮೈಮೇಲೆ ಚುಕ್ಕೆ ಇರುವ ಹೆಣ್ಣು ಕೋಗಿಲೆಯ ಕೂಗು ‘ಕಿಕ್ ಕಿಕ್ ಕಿಕ್’ ಅನ್ನುವ ಗಡಿಬಿಡಿಯ ಸದ್ದು.)

ಈ ಚಿತ್ರದ ಹಿಂದೆ ಒಂದು ಚೌಕಾಸಿ ಇದೆ. ಫೋನು ಸೆಕೆಂಡಿಗೆ 48,000 ಸಲ ಗಾಳಿಯ ಒತ್ತಡ ಅಳೆದು ಅಂಕಿ ಬರೆದುಕೊಳ್ಳುತ್ತದೆ ಅಂತಿಟ್ಟುಕೊಳ್ಳಿ. ಚಿತ್ರ ಬಿಡಿಸುವಾಗ ಈ ಅಂಕಿಗಳನ್ನು ಚೂರು ಚೂರಾಗಿ ಕತ್ತರಿಸಿ, ಪ್ರತಿ ಚೂರಿನಲ್ಲೂ ಯಾವ ಸ್ಥಾಯಿ ಎಷ್ಟಿದೆ ಅಂತ ಲೆಕ್ಕ ಹಾಕುತ್ತಾರೆ. ಒಂದು ಚೂರಿಗೆ 512 ಅಂಕಿ ತೆಗೆದುಕೊಂಡರೆ ಅದು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಸಣ್ಣದು. ಕಾಲ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಸ್ಥಾಯಿ ಸುಮಾರು 94 ಹರ್ಟ್ಸ್‌ನ ಮೆಟ್ಟಿಲುಗಳಲ್ಲಿ ಮಾತ್ರ ಕಾಣುತ್ತದೆ. 2048 ಅಂಕಿ ತೆಗೆದುಕೊಂಡರೆ ಮೆಟ್ಟಿಲು 23 ಹರ್ಟ್ಸ್‌ಗೆ ಇಳಿಯುತ್ತದೆ, ಸ್ಥಾಯಿ ನಿಖರವಾಗುತ್ತದೆ. ಆಗ ಚೂರು ನಾಲ್ಕು ಪಟ್ಟು ಉದ್ದವಾಗಿ ವೇಗದ ಕಂಪನಗಳೆಲ್ಲ ಕಲಸಿಹೋಗುತ್ತವೆ. ಕ್ಯಾಮೆರಾದ ಶಟರ್ ನಿಧಾನ ಮಾಡಿದರೆ ಓಡುವ ನಾಯಿ ಮಸುಕಾಗುತ್ತದಲ್ಲ, ಹಾಗೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಇದು ಸಾಫ್ಟ್‌ವೇರ್‌ನ ದೋಷವಲ್ಲ, ಗಣಿತದ ಸ್ವಭಾವವೇ ಹಾಗೆ. ಹಾಗಾಗಿ ‘ಈ ಹಕ್ಕಿ ಇಷ್ಟು ಹರ್ಟ್ಸ್‌ನಲ್ಲಿ ಹಾಡುತ್ತದೆ’ ಅಂತ ಯಾರಾದರೂ ಬರೆದರೆ, ಎಷ್ಟು ದೊಡ್ಡ ಚೂರು ಕತ್ತರಿಸಿದ್ರಿ ಅಂತ ಕೇಳಲೇಬೇಕು.

ಕಲಿತ ಹಾಡು, ಕಲಿಯದ ಹಾಡು

ಈ ಚಿತ್ರವನ್ನು ಹಕ್ಕಿಗಳ ಅಧ್ಯಯನದಲ್ಲಿ ಗಟ್ಟಿಯಾಗಿ ನೆಲೆಗೊಳಿಸಿದವರು ಕೇಂಬ್ರಿಡ್ಜ್‌ನ ವಿಲಿಯಂ ಥೋರ್ಪ್. 1950ರ ದಶಕದಲ್ಲಿ ಅವರು ಶಾಫಿಂಚ್ ಅನ್ನುವ ಸಣ್ಣ ಹಕ್ಕಿಯ ಮರಿಗಳನ್ನು ದೊಡ್ಡ ಹಕ್ಕಿಗಳ ದನಿ ಬೀಳದ ಹಾಗೆ ಸಾಕಿದರು. ಮರಿಗಳು ಬೆಳೆದು ಹಾಡಿದವು. ಆದರೆ ಆ ಹಾಡು ಪೇಲವ. ಉದ್ದ ಹೆಚ್ಚುಕಡಿಮೆ ಸರಿಯಿದೆ, ಕೊನೆಯಲ್ಲಿ ಬರಬೇಕಾದ ಠೀವಿಯ ಮುಕ್ತಾಯ ಇಲ್ಲ. ಎರಡು ಚಿತ್ರ ಪಕ್ಕಪಕ್ಕ ಇಟ್ಟರೆ ಮಗುವಿಗೂ ವ್ಯತ್ಯಾಸ ಗೊತ್ತಾಗುತ್ತದೆ. ಅಂದರೆ ಹಾಡಿನ ಅಸ್ಥಿಪಂಜರ ಹುಟ್ಟಿನಿಂದ ಬಂದದ್ದು, ಮೈ ತುಂಬಿದ್ದು ಕೇಳಿ ಕಲಿತದ್ದು.

ಅವರ ಶಿಷ್ಯ ಪೀಟರ್ ಮಾರ್ಲರ್ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬಿಳಿ ಪಟ್ಟೆ ತಲೆಯ ಒಂದು ಜಾತಿಯ ಗುಬ್ಬಿಯನ್ನು ಅಧ್ಯಯನಕ್ಕೆ ಎತ್ತಿಕೊಂಡರು. ಕೆಲವೇ ಮೈಲಿ ದೂರದ ಊರುಗಳಲ್ಲಿ ಅದರ ಹಾಡಿನ ಧಾಟಿಯೇ ಬೇರೆ. ನಮ್ಮಲ್ಲಿ ಧಾರವಾಡದವರು ಬಾಯಿ ಬಿಟ್ಟ ತಕ್ಷಣ, ಕುಂದಾಪುರದವರು ಬಾಯಿ ಬಿಟ್ಟ ತಕ್ಷಣ ಊರು ಗೊತ್ತಾಗುವುದಿಲ್ವಾ, ಹಾಗೆ. ಮರಿ ಹುಟ್ಟಿದ ಮೊದಲ ಎರಡು ತಿಂಗಳೊಳಗೆ ಕೇಳಿದ ಹಾಡೇ ಅದರ ಮನಸ್ಸಿನಲ್ಲಿ ಅಚ್ಚಾಗುತ್ತದೆ ಅಂತಲೂ ಗೊತ್ತಾಯಿತು.

ಎಲ್ಲ ಹಕ್ಕಿಗಳೂ ಹೀಗೆ ಕಲಿಯುವುದಿಲ್ಲ. ಹಾಡುಹಕ್ಕಿಗಳು, ಗಿಳಿಗಳು, ಝೇಂಕಾರದ ಹಕ್ಕಿಗಳು ಕಲಿಯುತ್ತವೆ. ಕೋಗಿಲೆ ಕಲಿಯುವುದಿಲ್ಲ. ಯೋಚನೆ ಮಾಡಿ, ಅದು ಬೆಳೆಯೋದೇ ಕಾಗೆಯ ಗೂಡಿನಲ್ಲಿ. ಸಾಕಿದವರಿಂದ ಕಲಿಯುವ ಹಾಗಿದ್ದರೆ ವಸಂತದಲ್ಲಿ ಮಾವಿನ ಮರದಿಂದ ಬರೀ ‘ಕಾ ಕಾ’ ಕೇಳಬೇಕಿತ್ತು.

ಕಾಡಿನಲ್ಲಿ ಕಿವಿ ಕಟ್ಟಿ ಬರುವುದು

ಹಿಂದೆ ದನಿ ಹಿಡಿಯುವುದೆಂದರೆ ಬೇಟೆಗೆ ಹೋದ ಹಾಗೆ. ಹೆಗಲಿಗೆ ಭಾರದ ಟೇಪ್ ರೆಕಾರ್ಡರ್, ಕೈಯಲ್ಲಿ ಬಾಣಲೆಯಂಥ ಪ್ಯಾರಾಬೋಲಾ. ಡಿಶ್ ಆಂಟೆನಾ ಸಿಗ್ನಲ್ ಒಟ್ಟು ಮಾಡುವ ಹಾಗೆ, ಆ ಬಾಣಲೆ ದೂರದ ದನಿಯನ್ನು ಮಧ್ಯದ ಮೈಕಿಗೆ ಒಟ್ಟು ಮಾಡಿ ಕೊಡುತ್ತದೆ. ಈಗಲೂ ಒಂದೇ ಹಕ್ಕಿಯ ಹಾಡನ್ನು ಸ್ಪಷ್ಟವಾಗಿ ಬೇಕು ಅಂದರೆ ಇದಕ್ಕೆ ಸಾಟಿ ಇಲ್ಲ.

ಆದರೆ ಮನುಷ್ಯ ಮರದ ಕೆಳಗೆ ನಿಂತರೆ ಹಕ್ಕಿಯ ಮಾತು ಬದಲಾಗುತ್ತದೆ. ಅರ್ಧ ಕೂಗುಗಳು ನಿಮ್ಮನ್ನೇ ಕುರಿತದ್ದಾಗಿರುತ್ತವೆ! ಅದಕ್ಕೆ ಈಗ ಯಂತ್ರವನ್ನು ಮರಕ್ಕೆ ಕಟ್ಟಿ ಬಂದುಬಿಡುತ್ತಾರೆ. ಇಂಗ್ಲೆಂಡಿನ ಸೌತಾಂಪ್ಟನ್ ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳ ಸಂಶೋಧಕರು ಮಾಡಿದ ಆಡಿಯೋಮಾತ್ ಅನ್ನುವುದು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಮೂರು ಪೆನ್ಸಿಲ್ ಸೆಲ್, ಒಂದು ಮೆಮೊರಿ ಕಾರ್ಡ್. ಇಷ್ಟು ಗಂಟೆಗೆ ಏಳು, ಇಷ್ಟು ನಿಮಿಷ ಕೇಳು, ಮತ್ತೆ ಮಲಗು ಅಂತ ಮೊದಲೇ ಹೇಳಿಟ್ಟರೆ ಸಾಕು. ಅದರ ವಿನ್ಯಾಸವನ್ನೂ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಮಳೆ ಬಂದರೆ? ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಟ್ಟುತ್ತಾರೆ. ಎಷ್ಟು ದೊಡ್ಡ ವಿಜ್ಞಾನವಾದರೂ ಕೊನೆಗೆ ಅಡುಗೆಮನೆಯ ಕವರಿಗೇ ಬಂದು ನಿಲ್ಲುತ್ತದೆ.

ತೊಂದರೆ ಶುರುವಾಗೋದು ಯಂತ್ರ ಬಿಚ್ಚಿ ತಂದ ಮೇಲೆ. ಲೆಕ್ಕ ಹಾಕಿ ನೋಡೋಣ. ಸೆಕೆಂಡಿಗೆ 48,000 ಅಂಕಿ, ಒಂದೊಂದಕ್ಕೆ ಎರಡು ಬೈಟ್. ನಿಮಿಷಕ್ಕೆ 5.76 ಎಂಬಿ. ಒಂದು ದಿನ ಪೂರ್ತಿ ಕೇಳಿದರೆ ಸುಮಾರು 8.3 ಜಿಬಿ. ಹತ್ತು ಯಂತ್ರ, ಮೂವತ್ತು ದಿನ ಅಂದರೆ 7,200 ಗಂಟೆಯ ಸದ್ದು. ದಿನಕ್ಕೆ ಎಂಟು ಗಂಟೆಯ ಹಾಗೆ ಒಬ್ಬರು ಕೂತು ಕೇಳಿದರೆ 900 ದಿನ ಬೇಕು, ಭಾನುವಾರವೂ ರಜೆ ಇಲ್ಲದೆ. ಅದರಲ್ಲಿ ಬಹುಪಾಲು ಗಾಳಿ, ಮಳೆ, ಜೀರುಂಡೆ.

ಇಲ್ಲಿಗೆ ಎಐ ಬೇಕೇ ಬೇಕು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ಮತ್ತು ಜರ್ಮನಿಯ ಕೆಮ್ನಿಟ್ಸ್ ತಾಂತ್ರಿಕ ವಿಶ್ವವಿದ್ಯಾಲಯ ಸೇರಿ ಮಾಡಿರುವ ಬರ್ಡ್‌ನೆಟ್ ಹೇಗೆ ಕೆಲಸ ಮಾಡುತ್ತದೆ ನೋಡಿ. ಅದು ಸದ್ದನ್ನು ಮೂರು ಮೂರು ಸೆಕೆಂಡಿನ ತುಂಡುಗಳಾಗಿ ಮಾಡುತ್ತದೆ. ಪ್ರತಿ ತುಂಡನ್ನೂ ಸ್ಪೆಕ್ಟ್ರೋಗ್ರಾಮ್ ಮಾಡುತ್ತದೆ. ಆಮೇಲೆ ಆ ಚಿತ್ರವನ್ನು, ಫೋಟೋದಲ್ಲಿ ಬೆಕ್ಕು ಇದೆಯೋ ನಾಯಿ ಇದೆಯೋ ಅಂತ ಹೇಳುವಂಥ ನರಜಾಲಕ್ಕೆ, ಅಂದರೆ ಉದಾಹರಣೆ ನೋಡಿ ಕಲಿಯುವ ಎಐ ಪ್ರೋಗ್ರಾಮಿಗೆ, ಕೊಡುತ್ತದೆ. ಯಂತ್ರ ಕೇಳುತ್ತಿಲ್ಲ, ನೋಡುತ್ತಿದೆ! ಕಲಿಯೋಕೆ ಬೇಕಾದ ಹಾಡುಗಳನ್ನು ಕೊಟ್ಟವರು ಜನ. 2005ರಲ್ಲಿ ಶುರುವಾದ ಜೀನೋ-ಕ್ಯಾಂಟೋ ಅನ್ನುವ ಮುಕ್ತ ಸಂಗ್ರಹಕ್ಕೆ, ಕಾರ್ನೆಲ್‌ನ ಮೆಕಾಲೆ ಸಂಗ್ರಹಕ್ಕೆ ಜಗತ್ತಿನ ಎಲ್ಲ ಮೂಲೆಗಳಿಂದ ಹವ್ಯಾಸಿಗಳು ಮುದ್ರಣ ಕಳಿಸುತ್ತಲೇ ಇದ್ದಾರೆ.

ಉತ್ತರದ ಜೊತೆ ಯಂತ್ರ ಒಂದು ಅಂಕವನ್ನೂ ಕೊಡುತ್ತದೆ, 0.9 ಅನ್ನೋ ಹಾಗೆ. ಅದನ್ನು ‘ನೂರಕ್ಕೆ ತೊಂಬತ್ತು ಖಚಿತ’ ಅಂತ ಓದಿಕೊಂಡರೆ ಮೋಸ ಹೋಗುತ್ತೀರಿ. ಅದು ಯಂತ್ರದ ಹುಮ್ಮಸ್ಸಿನ ಅಳತೆ, ಸತ್ಯದ್ದಲ್ಲ. ಒಂದು ಜಾತಿಗೆ 0.3 ಬಂದರೂ ನಂಬಬಹುದು, ಇನ್ನೊಂದಕ್ಕೆ 0.9 ಬಂದರೂ ಅನುಮಾನ ಪಡಬೇಕು. ಯಾವುದಕ್ಕೆ ಎಷ್ಟು ಅಂತ ತಿಳಿಯೋಕೆ ಇರುವುದು ಒಂದೇ ದಾರಿ. ಆ ಊರಿನ ಆ ಕಾಡಿನ ಒಂದಷ್ಟು ತುಂಡುಗಳನ್ನು ಎತ್ತಿಕೊಂಡು, ಬಲ್ಲವರು ಕೂತು ಕಿವಿಯಿಂದ ಕೇಳಿ ಸರಿ-ತಪ್ಪು ಹಾಕಬೇಕು.

ಈಗ ಭೀಮರಾಜನ ಬಳಿಗೆ ವಾಪಸ್ ಬರೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಮೀರಾ ಅಗ್ನಿಹೋತ್ರಿ, ರೋಹಿಣಿ ಬಾಲಕೃಷ್ಣನ್ ಮತ್ತು ಅವರ ಜೊತೆಗಾರರು ಈ ಹಕ್ಕಿಯ ಅನುಕರಣೆಯನ್ನೇ ಅಳೆಯಲು ಹೊರಟರು. ಜೀವವಿಜ್ಞಾನದವರ ಜೊತೆ ಸಿಗ್ನಲ್ ಲೆಕ್ಕ ಗೊತ್ತಿರುವ ಎಂಜಿನಿಯರುಗಳೂ ಕೂತರು. ಅವರ ಪ್ರಶ್ನೆ ಕೇಳೋಕೆ ಸಣ್ಣದು: ಭೀಮರಾಜ ಬೇರೆ ಹಕ್ಕಿಯ ಹಾಗೆ ಕೂಗಿತು ಅಂತ ನಾವು ಹೇಳುತ್ತೇವಲ್ಲ, ಅದನ್ನು ತೀರ್ಮಾನಿಸೋರು ಯಾರು? ಕೇಳಿದವರ ಕಿವಿ ತಾನೆ? ಒಬ್ಬರಿಗೆ ಗಿಡುಗನ ಹಾಗೆ ಕೇಳಿಸಿದ್ದು ಇನ್ನೊಬ್ಬರಿಗೆ ಸುಮ್ನೆ ಸಿಳ್ಳೆ ಅನಿಸಬಹುದು. ಹಾಗಾಗಿ ಮನುಷ್ಯರ ತೀರ್ಪನ್ನೂ ಕಂಪ್ಯೂಟರಿನ ಸ್ವಯಂಚಾಲಿತ ವಿಧಾನಗಳನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರು. ಆ ಲೇಖನ 2014ರಲ್ಲಿ ಪ್ರಕಟವಾಯಿತು. ಭೀಮರಾಜನ ಮೇಲೆ ಅಗ್ನಿಹೋತ್ರಿ ಅವರು ಕೆಲಸ ಮಾಡಿದ್ದು ಬಿಳಿಗಿರಿರಂಗನ ಬೆಟ್ಟದಲ್ಲಿ. ಅಲ್ಲಿನ ಸೋಲಿಗರಿಗೆ ಹಕ್ಕಿಗಳ ಬಗ್ಗೆ ಇರುವ ತಿಳಿವಳಿಕೆಯನ್ನೂ ಅವರು ಬೇರೆಯಾಗಿ ದಾಖಲಿಸಿದ್ದಾರೆ. ಸಣ್ಣಂದಿನಿಂದ ಕಾಡಿನ ದನಿ ಕೇಳಿ ಬೆಳೆದವರ ಕಿವಿಯ ಮುಂದೆ ನನ್ನ ಫೋನು ಏನೂ ಅಲ್ಲ ಅಂತ ನನಗಂತೂ ಅನಿಸುತ್ತದೆ.

ಅರ್ಥ ಬೇಕಾದರೆ ಹಕ್ಕಿಯನ್ನೇ ಕೇಳಬೇಕು

ಇಲ್ಲಿಯವರೆಗೆ ಹೇಳಿದ್ದೆಲ್ಲ ಸದ್ದಿನ ವಿಚಾರ. ಎಷ್ಟು ಚೆಂದದ ಚಿತ್ರ ಬಿಡಿಸಿದರೂ ಆ ಸದ್ದಿಗೆ ಅರ್ಥ ಇದೆಯೇ ಅಂತ ಚಿತ್ರ ಹೇಳುವುದಿಲ್ಲ. ಗೊತ್ತಿಲ್ಲದ ಭಾಷೆಯ ಅಕ್ಷರವನ್ನು ಮುತ್ತಿನ ಹಾಗೆ ನಕಲು ಮಾಡಿದ ಮಾತ್ರಕ್ಕೆ ಪತ್ರ ಓದಿದ ಹಾಗಾಗುತ್ತದಾ? ಅರ್ಥ ತಿಳಿಯಬೇಕಾದರೆ ದನಿಯನ್ನು ಇನ್ನೊಂದು ಹಕ್ಕಿಗೆ ಕೇಳಿಸಿ ಅದು ಏನು ಮಾಡುತ್ತದೆ ಅಂತ ನೋಡಬೇಕು. ಈ ಪ್ರಯೋಗಕ್ಕೆ ಪ್ಲೇಬ್ಯಾಕ್ ಅನ್ನುತ್ತಾರೆ. ಮರದ ಕೆಳಗೆ ಒಂದು ಸ್ಪೀಕರ್, ದೂರದಲ್ಲಿ ಬೈನಾಕ್ಯುಲರ್ ಹಿಡಿದ ಒಬ್ಬರು, ಅಷ್ಟೇ. ನೋಡೋಕೆ ಸರಳ, ಮಾಡೋಕೆ ಹೊರಟರೆ ಹೆಜ್ಜೆಹೆಜ್ಜೆಗೂ ಗುಂಡಿ.

ಜಪಾನಿನ ತೋಶಿತಾಕ ಸುಜುಕಿ ಅವರ ಪ್ರಯೋಗ ನನಗೆ ತುಂಬಾ ಹಿಡಿಸಿದ್ದು. ಅಲ್ಲಿನ ಟಿಟ್ ಹಕ್ಕಿ, ನಮ್ಮಲ್ಲೂ ಕಾಣುವ ಬೂದು ಟಿಟ್‌ನ ಬಳಗದ್ದು, ಎರಡು ಬಗೆಯ ಕೂಗು ಹಾಕುತ್ತದೆ. ಒಂದಕ್ಕೆ ಅವರು ‘ಎಬಿಸಿ’ ಅಂತ ಹೆಸರಿಟ್ಟರು. ಅದನ್ನು ಕೇಳಿದ ಹಕ್ಕಿಗಳು ಅಪಾಯ ಹುಡುಕುತ್ತಾ ತಲೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತವೆ. ಇನ್ನೊಂದು ‘ಡಿ’. ಕೇಳಿದರೆ ಹತ್ತಿರ ಬರುತ್ತವೆ. ಹಕ್ಕಿಗಳೇ ಕೆಲವೊಮ್ಮೆ ಎರಡನ್ನೂ ಸೇರಿಸಿ ‘ಎಬಿಸಿ-ಡಿ’ ಅನ್ನುತ್ತವೆ. ಆಗ ಕೇಳಿದವು ಸುತ್ತ ನೋಡುತ್ತಲೇ ಹತ್ತಿರ ಬರುತ್ತವೆ. ಸುಜುಕಿ ಇದನ್ನು ಕಂಪ್ಯೂಟರಿನಲ್ಲಿ ತಿರುಗಿಸಿ ‘ಡಿ-ಎಬಿಸಿ’ ಮಾಡಿ ಕೇಳಿಸಿದರು. ಸದ್ದುಗಳು ಅವೇ, ಒಂದೂ ಬದಲಾಗಿಲ್ಲ. ಹಕ್ಕಿಗಳು ಹೆಚ್ಚುಕಡಿಮೆ ಕ್ಯಾರೇ ಅನ್ನಲಿಲ್ಲ. ಅಂದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೂ ಅವಕ್ಕೆ ಮುಖ್ಯ. 2016ರಲ್ಲಿ ಇದು ಪ್ರಕಟವಾದಾಗ ‘ಹಕ್ಕಿಗೂ ವ್ಯಾಕರಣ ಇದೆ’ ಅಂತ ಪತ್ರಿಕೆಗಳು ಕುಣಿದವು. ಅಷ್ಟು ದೊಡ್ಡ ಮಾತು ಬೇಡ ಅಂತ ನನ್ನ ಅಭಿಪ್ರಾಯ. ಎರಡು ಪದದ ಕ್ರಮ ಗೊತ್ತಿರೋದಕ್ಕೂ ಕೇಶಿರಾಜನ ಸೂತ್ರಗಳಿಗೂ ತುಂಬಾ ದೂರ ಇದೆ. ಆದರೆ ಕಂಪ್ಯೂಟರಿನಲ್ಲಿ ಕತ್ತರಿ ಆಡಿಸದೆ ಇದನ್ನು ಕಂಡುಹಿಡಿಯೋಕೆ ಸಾಧ್ಯವೇ ಇರಲಿಲ್ಲ.

ಗುಂಡಿ ಅಂದೆನಲ್ಲ, ಅದರಲ್ಲಿ ಒಂದನ್ನು ಹೇಳುತ್ತೇನೆ. ಒಬ್ಬ ಧಾರವಾಡದವರ ಮಾತನ್ನು ರೆಕಾರ್ಡ್ ಮಾಡಿ ಇಪ್ಪತ್ತು ಮಂದಿ ಮಂಗಳೂರಿನವರಿಗೆ ಕೇಳಿಸಿದಿರಿ. ಎಲ್ಲರೂ ನಕ್ಕರು. ಧಾರವಾಡದ ಕನ್ನಡ ಕೇಳಿದರೆ ಮಂಗಳೂರಿನವರಿಗೆ ನಗು ಬರುತ್ತದೆ ಅಂತ ಬರೆದುಬಿಡಬಹುದಾ? ಆ ಒಬ್ಬರಿಗೆ ಆವತ್ತು ನೆಗಡಿ ಆಗಿದ್ದಿರಬಹುದು! ಇಪ್ಪತ್ತು ಮಂದಿ ಕೇಳಿದ್ದಾರೆ, ನಿಜ. ಆದರೆ ಪರೀಕ್ಷೆಗೆ ಒಳಗಾದದ್ದು ಒಂದೇ ಮುದ್ರಣ. ಹಕ್ಕಿಗಳ ಪ್ಲೇಬ್ಯಾಕ್‌ನಲ್ಲಿ ವರ್ಷಗಟ್ಟಲೆ ಇದೇ ತಪ್ಪು ನಡೆಯುತ್ತಿತ್ತು. 1980ರ ದಶಕದ ಕೊನೆಗೆ ಡೊನಾಲ್ಡ್ ಕ್ರೂಡ್ಸ್‌ಮಾ ಇದನ್ನು ಎತ್ತಿ ತೋರಿಸಿದಾಗ ಜೋರು ವಾಗ್ವಾದವೇ ಆಯಿತು. ಈಗ ಒಂದೊಂದು ಹಕ್ಕಿಗೂ ಬೇರೆ ಬೇರೆ ಹಕ್ಕಿಯ ಮುದ್ರಣ ಕೇಳಿಸುತ್ತಾರೆ. ಜೊತೆಗೆ ಸಂಬಂಧವೇ ಇಲ್ಲದ ಇನ್ನೊಂದು ಸದ್ದನ್ನೂ ಕೇಳಿಸಿ ಹೋಲಿಸುತ್ತಾರೆ.

ಇನ್ನೊಂದು ಮಾತು ಹಕ್ಕಿ ನೋಡಲು ಹೋಗುವವರಿಗೆ. ಫೋಟೋಕ್ಕೋಸ್ಕರ ಫೋನಿನಲ್ಲಿ ಹಾಡು ಹಾಕಿ ಹಕ್ಕಿಯನ್ನು ಕರೆಯೋದು ಈಗ ಜಾಸ್ತಿಯಾಗಿದೆ. ಆ ಹಕ್ಕಿಗೆ ಕೇಳಿಸೋದು ಹಾಡಲ್ಲ, ತನ್ನ ಜಾಗಕ್ಕೆ ಯಾರೋ ನುಗ್ಗಿದ ಸುದ್ದಿ. ಗೂಡು, ಮರಿ ಬಿಟ್ಟು ಕಾಣದ ಶತ್ರುವಿನ ಹಿಂದೆ ಓಡಾಡುತ್ತದೆ. ಸಂಶೋಧಕರು ಎಷ್ಟು ಸಲ, ಎಷ್ಟು ಹೊತ್ತು ಅಂತ ಲೆಕ್ಕ ಇಟ್ಟು ಮಾಡುವ ಕೆಲಸವನ್ನು ನಾವು ಫೋಟೋಕ್ಕೋಸ್ಕರ ಮಾಡಬಾರದು.

ಹಾಗಾದರೆ ಭೀಮರಾಜ ಯಾಕೆ ಅಷ್ಟು ದನಿ ತೆಗೆಯುತ್ತದೆ? ಒಂದು ಸುಳಿವು ಸಿಕ್ಕಿದ್ದು ಶ್ರೀಲಂಕಾದ ಸಿಂಹರಾಜ ಕಾಡಿನಲ್ಲಿ. ಅಲ್ಲಿರುವುದು ಇದರ ಹತ್ತಿರದ ಸಂಬಂಧಿ. ಆಗ ಅದನ್ನೂ ಭೀಮರಾಜ ಎಂದೇ ಎಣಿಸುತ್ತಿದ್ದರು, ಈಗ ಬೇರೆ ಜಾತಿ ಅನ್ನುತ್ತಾರೆ. ಈಬೆನ್ ಗುಡೇಲ್ ಮತ್ತು ಶರತ್ ಕೋಟಗಮ ಅದರ ಅನುಕರಣೆಗಳನ್ನು ಸಂದರ್ಭದ ಜೊತೆ ಸೇರಿಸಿ ಬರೆದುಕೊಂಡರು. ಯಾವ ದನಿ ಅನ್ನುವುದರ ಜೊತೆಗೆ ಆ ಹೊತ್ತಿಗೆ ಏನು ನಡೆಯುತ್ತಿತ್ತು ಅನ್ನುವುದೂ ದಾಖಲಾಯಿತು. ಅಪಾಯ ಇದ್ದಾಗ ಹಕ್ಕಿ ಗಿಡುಗದಂಥ ಬೇಟೆಗಾರರ ದನಿಯನ್ನೂ ಬೇರೆ ಹಕ್ಕಿಗಳ ಎಚ್ಚರಿಕೆಯ ಕೂಗನ್ನೂ ತೆಗೆಯುತ್ತಿತ್ತು. ಎಲ್ಲ ಶಾಂತವಾಗಿದ್ದಾಗ ಬೇರೆ ಹಕ್ಕಿಗಳ ಹಾಡು, ಮಾಮೂಲಿ ಕೂಗು. ಯದ್ವಾತದ್ವಾ ಅಲ್ಲ, ಸಂದರ್ಭ ನೋಡಿಕೊಂಡು. ಇನ್ನೊಂದು ಪ್ರಯೋಗದಲ್ಲಿ ಈ ಅನುಕರಣೆಯನ್ನೇ ಸ್ಪೀಕರಿನಲ್ಲಿ ಹಾಕಿದಾಗ ಬೇರೆ ಜಾತಿಯ ಹಕ್ಕಿಗಳು ಅದರತ್ತ ಬಂದವು.

ಘಟ್ಟದ ಕಾಡಿನಲ್ಲಿ ನಡೆದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಅರ್ಧ ಗಂಟೆ ಒಂದೂ ಹಕ್ಕಿ ಇರುವುದಿಲ್ಲ. ಆಮೇಲೆ ಇದ್ದಕ್ಕಿದ್ದ ಹಾಗೆ ಹತ್ತು ಹದಿನೈದು ಜಾತಿಯವು ಒಂದು ದಿಬ್ಬಣದ ಹಾಗೆ ಬಂದು ಹೋಗುತ್ತವೆ. ಈ ಮಿಶ್ರ ಗುಂಪಿನಲ್ಲಿ ಭೀಮರಾಜ ಇದ್ದೇ ಇರುತ್ತದೆ. ಮಿಕ್ಕವು ಎಲೆ ತೊಗಟೆ ಕೆದಕುವಾಗ ಹಾರಿದ ಹುಳುಗಳನ್ನು ಇದು ಗಾಳಿಯಲ್ಲೇ ಹಿಡಿಯುತ್ತದೆ. ಬದಲಿಗೆ ಗಿಡುಗ ಬಂದರೆ ಮೊದಲು ಕೂಗೋದು ಇದೇ. ಗುಂಪು ಸೇರಿದಷ್ಟೂ ಇದಕ್ಕೆ ಊಟ. ಅಂದಮೇಲೆ ಗುಂಪಿನವರ ದನಿಯಲ್ಲೇ ಅವರನ್ನು ಕರೆಯುವುದು ಜಾಣತನ ಅಲ್ವಾ?

ಕಲಹರಿ ಮರುಭೂಮಿಯ ಕಾಜಾಣ ಇನ್ನೂ ಒಂದು ಹೆಜ್ಜೆ ಮುಂದೆ. ಮೀರ್‌ಕ್ಯಾಟ್ ಅನ್ನುವ ಪ್ರಾಣಿಗೋ, ಹರಟೆಮಲ್ಲಕ್ಕೋ ಒಳ್ಳೆಯ ಹುಳು ಸಿಕ್ಕಿದ್ದನ್ನು ನೋಡಿ ಸುಳ್ಳು ಎಚ್ಚರಿಕೆ ಕೂಗುತ್ತದೆ. ಅವು ಹೆದರಿ ಊಟ ಬಿಟ್ಟು ಓಡುತ್ತವೆ, ಇದು ಬಂದು ಎತ್ತಿಕೊಳ್ಳುತ್ತದೆ. ಒಂದೇ ಕೂಗಿಗೆ ಅವು ಬಗ್ಗದಿದ್ದರೆ ಇನ್ನೊಂದು ಜಾತಿಯ ಎಚ್ಚರಿಕೆಯ ದನಿಗೆ ಬದಲಾಯಿಸುತ್ತದೆ. ಟಾಮ್ ಫ್ಲವರ್ ಮತ್ತು ಜೊತೆಗಾರರು ಇದನ್ನು ಪ್ಲೇಬ್ಯಾಕ್ ಮಾಡಿಯೇ ತೋರಿಸಿಕೊಟ್ಟರು. ನಮ್ಮ ಭೀಮರಾಜನೂ ಹೀಗೆ ಕಳ್ಳ ಅಂತ ಇದರಿಂದ ತೀರ್ಮಾನಿಸುವ ಹಾಗಿಲ್ಲ. ಊರು ಬೇರೆ, ಜಾತಿ ಬೇರೆ.

ಕೇಳುವವರಿಗೆ ತಲುಪಬೇಕಲ್ಲ

ಹಾಡು ಎಷ್ಟು ಚೆನ್ನಾಗಿದ್ದರೇನು, ಕೇಳಬೇಕಾದವರಿಗೆ ತಲುಪದಿದ್ದರೆ? ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾರ್ಲರ್ ನೋಡಿದ ಅದೇ ಜಾತಿಯ ಗುಬ್ಬಿಗಳ ಹಾಡನ್ನು ದಶಕಗಳಿಂದ ಮುದ್ರಿಸಿಕೊಂಡು ಬಂದಿದ್ದಾರೆ. ವಾಹನಗಳ ಗದ್ದಲ ಇರುವುದು ಕೆಳಗಿನ ಸ್ಥಾಯಿಯಲ್ಲಿ. ಊರು ಬೆಳೆದ ಹಾಗೆ ಹಕ್ಕಿಗಳು ಹಾಡಿನ ತಳವನ್ನು ಮೇಲೆ ಎತ್ತಿಕೊಳ್ಳುತ್ತಾ ಹೋದವು, ನೀರು ನುಗ್ಗಿದಾಗ ಪಂಚೆ ಎತ್ತಿ ಕಟ್ಟಿಕೊಂಡ ಹಾಗೆ. 2020ರ ಲಾಕ್‌ಡೌನ್ ಬಂತು. ಅಲ್ಲಿನ ಗದ್ದಲ 1950ರ ದಶಕದ ಮಟ್ಟಕ್ಕೆ ಇಳಿಯಿತು. ಎಲಿಜಬೆತ್ ಡೆರಿಬೆರಿ ಮತ್ತು ತಂಡ ಹೋಗಿ ಮತ್ತೆ ಮುದ್ರಿಸಿದರು. ಹಕ್ಕಿಗಳು ದನಿ ತಗ್ಗಿಸಿದ್ದವು. ಆದರೂ ಹಾಡು ಮೊದಲಿಗಿಂತ ಎರಡು ಪಟ್ಟು ದೂರ ಹೋಗುತ್ತಿತ್ತು. ಹಾಡಿನ ಹರವು ಕೂಡ ಮತ್ತೆ ಕೆಳಗಿನ ಸ್ಥಾಯಿಗೆ ಇಳಿದಿತ್ತು. ನೀರು ಇಳಿದ ಮೇಲೆ ಪಂಚೆ ಬಿಟ್ಟುಕೊಂಡ ಹಾಗೆ. ಲಾಕ್‌ಡೌನಿನಲ್ಲಿ ನಾವೆಲ್ಲ ‘ಹಕ್ಕಿಗಳು ಜೋರಾಗಿ ಕೂಗ್ತಿವೆ’ ಅಂದುಕೊಂಡಿದ್ದೆವು. ಅಲ್ಲಿನ ಅಳತೆ ಹೇಳಿದ್ದು ಉಲ್ಟಾ.

ನಮ್ಮ ಕಡೆಗೂ ಇಂಥದ್ದೇ ಒಂದು ಕಥೆ ಇದೆ. ದಕ್ಷಿಣ ಕರ್ನಾಟಕದ ಎತ್ತರದ ಬೆಟ್ಟಗಳು, ನೀಲಗಿರಿ, ಅದರಾಚೆ ಕೇರಳ-ತಮಿಳುನಾಡಿನ ಶಿಖರಗಳ ಶೋಲಾ ಕಾಡುಗಳಲ್ಲಿ ಶೋಲಾಕಿಳಿ ಅನ್ನುವ ನೀಲಿ ಹಕ್ಕಿಗಳಿವೆ. ಬೆಟ್ಟದ ತಲೆಯ ಮೇಲೆ ಮಾತ್ರ ಬದುಕುವುದರಿಂದ ಪ್ರತಿ ಶಿಖರವೂ ಅವಕ್ಕೆ ಒಂದು ದ್ವೀಪ. ಪಾಲಕ್ಕಾಡ್ ಕಣಿವೆಯಂಥ ಪುರಾತನ ಕಂದಕಗಳು ಕೆಲವು ದ್ವೀಪಗಳನ್ನು ಬೇರೆ ಮಾಡಿವೆ. ಕೆಲವನ್ನು ಇತ್ತೀಚೆಗೆ ಕಾಡು ಕಡಿದು ನಾವೇ ಬೇರೆ ಮಾಡಿದ್ದೇವೆ. ಚೇತನಾ ಪುರುಷೋತ್ತಮ್ ಮತ್ತು ವಿ. ವಿ. ರಾಬಿನ್ ಈ ದ್ವೀಪಗಳ ಹಾಡುಗಳನ್ನು ಮುದ್ರಿಸಿ ಹೋಲಿಸಿದರು. ಎರಡೂ ಕಡೆ ಹಾಡು ಬೇರೆಯಾಗಿತ್ತು. ಆದರೆ ಹಳೆಯ ಕಂದಕದ ಆಚೀಚೆ ಬದಲಾದ ಗುಣಗಳೇ ಬೇರೆ, ಕಡಿದ ಕಾಡಿನ ಆಚೀಚೆ ಬದಲಾದ ಗುಣಗಳೇ ಬೇರೆ. ಕಾಡು ಕಡಿದು ಹೆಚ್ಚು ಕಾಲವಾಗದಿದ್ದರೂ ಅದರ ಗುರುತು ಆಗಲೇ ಹಾಡಿನಲ್ಲಿ ಬಿದ್ದಿದೆ ಅಂತಾಯಿತು.

ಇದನ್ನೆಲ್ಲ ಓದಿಕೊಂಡ ಮೇಲೆ ನನ್ನ ಹಲಸಿನ ಮರದ ಮುದ್ರಣವನ್ನು ಮತ್ತೆ ತೆಗೆದು ಕೇಳಿದೆ. ಮೂರು ನಿಮಿಷ ಚಿಲ್ಲರೆ. ನನ್ನ ಚಪ್ಪಲಿಯ ಸದ್ದು ಚಿತ್ರದ ತಳದಲ್ಲಿ ಮಸಿ ಚೆಲ್ಲಿದ ಹಾಗೆ ಬಿದ್ದಿದೆ. ಗಿಡುಗನ ದನಿ ಅಂತೂ ಎಷ್ಟು ಚೊಕ್ಕವಾಗಿದೆ ಅಂದರೆ ಆ್ಯಪ್ ಮೋಸ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಆಗ ಮರದಲ್ಲಿ ಇನ್ಯಾರಿದ್ದರು, ಗಿಡುಗನ ದನಿ ಬಂದಾಗ ಯಾರಾದರೂ ಹಾರಿ ಹೋದರಾ, ನಿಜವಾದ ಗಿಡುಗ ಎಲ್ಲಾದರೂ ಸುತ್ತುತ್ತಿತ್ತಾ, ಒಂದೂ ನಾನು ಬರೆದುಕೊಂಡಿರಲಿಲ್ಲ. ಪರದೆ ನೋಡುತ್ತಿದ್ದೆ.

ಈಗ ಮುದ್ರಣ ಮುಗಿಸುವ ಮುಂಚೆ ಕಂಡದ್ದನ್ನೆಲ್ಲ ಫೋನಿಗೇ ಹೇಳುತ್ತೇನೆ. ಹಕ್ಕಿ ಮುದ್ರಿಸುವವರ ಹಳೆಯ ರೂಢಿ ಅದು. ಮೊನ್ನೆಯದ್ದರ ಕೊನೆಯಲ್ಲಿ ನನ್ನದೇ ದನಿ ಇದೆ: “ಬೆಳಿಗ್ಗೆ ಆರೂ ಐವತ್ತು, ಹಲಸಿನ ಮರ, ಭೀಮರಾಜ ಒಂದು, ಕೆಳಗಿನ ಕೊಂಬೆಯಲ್ಲಿ ಮರಕುಟಿಗ ಎರಡು, ಗಿಡುಗನ ದನಿ ತೆಗೆದಾಗ ಎರಡೂ ತೊಗಟೆಗೆ ಅಂಟಿಕೊಂಡು ಕದಲಲಿಲ್ಲ, ಆಕಾಶದಲ್ಲಿ ಏನೂ ಕಾಣಲಿಲ್ಲ.” ಹಿಂದೆಯೇ ಒಳಗಿನಿಂದ “ಕಾಫಿ ಆರ್ತಾ ಇದೆ” ಅಂತ ಇನ್ನೊಂದು ದನಿ. ಅದಕ್ಕೆ ಆ್ಯಪ್ ಯಾವ ಹೆಸರನ್ನೂ ಕೊಟ್ಟಿಲ್ಲ.